ಮಾಗಿಯ ಬೆಳಗಿನ ಸೈಕಲ್ ಸಂಗಡಿಗರು

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೆಳಗಿನ ಐದು ಗಂಟೆಗೆ ಕಂಬಳಿಯಿಂದ ಕಾಲು ಹೊರಗಿಡುವುದು ಎಷ್ಟು ಕಷ್ಟವೆಂಬುದನ್ನು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕಲಘಟಗಿ ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿದೆ. ಬೇಡ್ತಿ ಹೊಳೆಯ ಕಡೆಯಿಂದ ಎದ್ದ ಮಂಜು ಹೊತ್ತು ಏರುವವರೆಗೂ ಯಲ್ಲಾಪುರದ ರಸ್ತೆಯನ್ನು ಬಿಟ್ಟು ಕದಲುವುದಿಲ್ಲ. ಆ ರಸ್ತೆಯಲ್ಲಿ ದೇವಿಕೊಪ್ಪದ ದಿಕ್ಕಿಗೆ ಸೈಕಲ್ ತುಳಿದು, ಬೆಳಗಿನ ರೇಡಿಯೋ ವಾರ್ತೆಗಳ ಹೊತ್ತಿಗೆ ಮನೆ ಸೇರುವ ಏಳು ಜನರ ಗುಂಪು ನಮ್ಮದು. ದಸರೆಗೆ ಏಳು ಜನರಿದ್ದೆವು. ದೀಪಾವಳಿ ಕಳೆದ ಮೇಲೆ ಐವರಾದೆವು. ಎಳ್ಳಮಾವಾಸ್ಯೆಯ ಹೊತ್ತಿಗೆ ಉಳಿದವರು ಇಬ್ಬರು. ಎಲ್ಲರೂ ಚಳಿಯನ್ನೇ ಬೈದೆವು. ಆದರೆ ತಪ್ಪು ನಿಜವಾಗಿಯೂ ಚಳಿಯದೇ? ಇದಕ್ಕೆ ಚರಿತ್ರೆ ಏನನ್ನುತ್ತದೆಂಬುದನ್ನು ನೋಡೋಣ.

ಜರ್ಮನಿಯ ಕಾರ್ಲ್ ಡ್ರಾಯ್ಸ್ 1817ರಲ್ಲಿ ಓಡಿಸಿ ತೋರಿಸಿದ ದ್ವಿಚಕ್ರಕ್ಕೆ ಪೆಡಲುಗಳೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಅದನ್ನು ಸಾಗಿಸಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತನು ಚೈನು ಹಿಂದಿನ ಗಾಲಿಯನ್ನು ತಿರುಗಿಸುವ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಾಯರಿಗೆ ಪೇಟೆಂಟ್ ಪಡೆದನು. ಇವೆರಡೂ ಕೂಡಿದ ಮೇಲೆ ಸೈಕಲ್ಲು ಸಾಮಾನ್ಯರ ವಾಹನವಾಯಿತು. ಆದರೆ ಸವಾರರು ಸಂಘ ಕಟ್ಟಿದ್ದು ಅದಕ್ಕೂ ಮೊದಲೇ. 1878ರಲ್ಲಿಯೇ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. ಅಪಾಯದ ಇಳಿಜಾರುಗಳಲ್ಲಿ ಅದು ಎಚ್ಚರಿಕೆಯ ಫಲಕಗಳನ್ನು ನೆಡಿಸಿತು.

ಗುಂಪಾಗಿ ಸಾಗುವುದಕ್ಕೊಂದು ಶಾಸ್ತ್ರವನ್ನು ಕೊಟ್ಟದ್ದು ಮಾತ್ರ ‘ಔಡಾಕ್ಸ್’ ಪದ್ಧತಿ. ಇದು ಲ್ಯಾಟಿನ್ ಮಾತು, ಅರ್ಥ ಸಾಹಸಿ. 1897ರಲ್ಲಿ ಇಟಲಿಯ ಕೆಲವರು ರೋಮಿನಿಂದ ನೇಪಲ್ಸಿಗೆ, ಸುಮಾರು 230 ಕಿಲೋಮೀಟರ್ ದೂರವನ್ನು, ಹಗಲು ಮುಗಿಯುವುದರೊಳಗೆ ಕ್ರಮಿಸಿ ಈ ಹೆಸರು ಗಳಿಸಿದರು. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್, ಮರುವರ್ಷ ಈ ಪದ್ಧತಿಗೆ ನಿಯಮಗಳನ್ನು ರೂಪಿಸಿದನು. ಅದರ ಜೀವಾಳ ಇಷ್ಟೇ: ಮುಂದೆ ಒಬ್ಬ ದಾರಿನಾಯಕ, ಅವನು ಹಿಡಿದ ವೇಗವೇ ಎಲ್ಲರ ವೇಗ, ಅವನನ್ನು ಯಾರೂ ದಾಟಿ ಹೋಗಕೂಡದು. ಪಂದ್ಯದಲ್ಲಿ ಒಬ್ಬನೇ ಗೆಲ್ಲಬೇಕು. ಇಲ್ಲಿ ಎಲ್ಲರೂ ಮುಟ್ಟಬೇಕು. ಎರಡನ್ನೂ ಬಲ್ಲವನು ಒಬ್ಬನೇ ಆಗಿದ್ದನೆಂಬುದು ಸ್ವಾರಸ್ಯದ ಸಂಗತಿ.

ನಮ್ಮ ದೇಶದ ನಿದರ್ಶನವೂ ಒಂದುಂಟು. ಕಲಘಟಗಿಯೂ ಅಂದು ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಿಂದ, 1923ರ ಅಕ್ಟೋಬರ್ 15ರಂದು, ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಪೃಥ್ವೀ ಪರ್ಯಟನಕ್ಕೆ ಹೊರಟರು. ಒಬ್ಬರು ತೆಹರಾನಿನಿಂದ ಹಿಂತಿರುಗಿದರು. ಇನ್ನೊಬ್ಬರು ಅಮೆರಿಕೆಯಲ್ಲಿಯೇ ನೆಲೆನಿಂತರು. ಅವರ ಅಗಲಿಕೆಯಿಂದ ಮನನೊಂದು ಮತ್ತೊಬ್ಬರು ಊರಿಗೆ ಮರಳಿದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗಾರಾ ಈ ಮೂವರು ಮಾತ್ರ ಆಲ್ಪ್ಸ್ ಪರ್ವತಗಳ ಶೀತವನ್ನೂ ಮರುಭೂಮಿಯ ಕಾವನ್ನೂ ಕಂಡು, ಸುಮಾರು 71,000 ಕಿಲೋಮೀಟರ್ ಸುತ್ತಿ, 1928ರ ಮಾರ್ಚ್ 18ರಂದು ಮುಂಬಯಿ ಸೇರಿದರು. ಗಮನಿಸಿರಿ: ಒಬ್ಬನು ಕಳಚಿಕೊಂಡರೆ ಅವನ ಹಿಂದೆ ಇನ್ನೊಬ್ಬನೂ ಕಳಚುತ್ತಾನೆ.

ಇನ್ನು ಚಳಿಯ ಮಾತು. ನಮ್ಮ ಮೈಯನ್ನು ಬೆಚ್ಚಗಿನ ಗಾಳಿಯ ತೆಳುವಾದ ಪದರವೊಂದು ಆವರಿಸಿರುತ್ತದೆ. ವೇಗವಾಗಿ ಹೋದಷ್ಟೂ ಎದುರುಗಾಳಿ ಆ ಪದರವನ್ನು ಕಿತ್ತೊಯ್ಯುತ್ತದೆ. ಕಿವಿಗೆ ಮಫ್ಲರು, ಕೈಗೆ ಚೀಲ, ಅಂಗಿಯೊಳಗೆ ಎದೆಗೆ ಒಂದು ವೃತ್ತಪತ್ರಿಕೆಯ ಹಾಳೆ ಇವು ಅದಕ್ಕೆ ಹಳೆಯ ಸವಾರರ ಉಪಾಯಗಳು. ಆದರೆ ಏರಿನಲ್ಲಿ ಬೆವರಿ, ಮೇಲೆ ನಿಂತು ಹಿಂದಿನವರಿಗಾಗಿ ಕಾಯುವಾಗ ಆ ಬೆವರೇ ಮಂಜುಗಡ್ಡೆಯಾದಂತೆ ಭಾಸವಾಗುತ್ತದೆ. ಆದ್ದರಿಂದ ಓಡಿ ಕಾಯುವುದಕ್ಕಿಂತ ಕೂಡಿ ಸಾಗುವುದೇ ಬೆಚ್ಚಗಿನ ಮಾರ್ಗ.

ಇದನ್ನು ನಾನು ತಡವಾಗಿ ಕಲಿತೆ. ನಮ್ಮ ಗುಂಪಿನಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದರು. ಒಂದು ಬೆಳಗು ಏರಿನಲ್ಲಿ ಅವರು ಹಿಂದುಳಿದರು. ನಾವು ಮುಂದೆ ಸಾಗಿ, ಚಹದ ಅಂಗಡಿಯ ಒಲೆಯ ಮುಂದೆ ಕೈ ಕಾಯಿಸುತ್ತ ಕುಳಿತೆವು. ಅವರ ಸೈಕಲ್ಲಿನ ಚೈನು ಕಳಚಿತ್ತು. ಮರಗಟ್ಟಿದ ಬೆರಳುಗಳಿಂದ ಕತ್ತಲೆಯಲ್ಲಿ ಅದನ್ನು ಕೂಡಿಸಲಾರದೆ, ಸೈಕಲ್ಲನ್ನು ನೂಕಿಕೊಂಡೇ ಬಂದರು. “ನೀವು ಮುಂದ ಹೋಗ್ರಿ ಮಾಸ್ತರ, ನನ್ನ ಸಲುವಾಗಿ ನಿಮಗ್ಯಾಕ ತ್ರಾಸು?” ಎಂದರು. ಮರುದಿನ ಬರಲಿಲ್ಲ. ಅವರ ಓಣಿಯವರೊಬ್ಬರು ಅವರ ಜೊತೆಗೇ ಬರುತ್ತಿದ್ದರು, ಅವರೂ ನಿಂತರು. ವರ್ಗದಲ್ಲಿ ಹಿಂದುಳಿದ ಹುಡುಗನನ್ನು ಮುಂದಿನ ಬೆಂಚಿಗೆ ಕರೆಯುವ ನಾನು, ರಸ್ತೆಯ ಮೇಲೆ ಆ ಪಾಠವನ್ನು ಮರೆತಿದ್ದೆ.

ಕೊನೆಗೆ ಅವರ ಮನೆಗೆ ಹೋಗಿ, “ನಾಳೆಯಿಂದ ನೀವ ಮುಂದ ಇರ್ರಿ, ನಾವು ನಿಮ್ಮ ಹಿಂದ ಬರ್ತೀವಿ” ಎಂದು ಕೇಳಿಕೊಂಡೆ. ಒಂದು ವಾರ ತಡೆದು ಬಂದರು. ಈಗ ದೂರ ಕಡಿಮೆಯಾಗಿದೆ, ಮಾತು ಹೆಚ್ಚಾಗಿದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುವಷ್ಟರಲ್ಲಿ ನಾವು ಮತ್ತೆ ಐವರಾಗಿದ್ದೆವು. ಇಬ್ಬರು ಇನ್ನೂ ಬಂದಿಲ್ಲ.

ನಿಮ್ಮ ಊರಿನಲ್ಲಿಯೂ ಇಂಥ ಗುಂಪು ಇರಬಹುದು. ಈ ಮಾಗಿಯಲ್ಲಿ ಅದು ಕರಗುತ್ತಿದ್ದರೆ, ಥರ್ಮಾಮೀಟರನ್ನು ನೋಡುವ ಮೊದಲು ಹಿಂದಿರುಗಿ ನೋಡಿರಿ: ಯಾರನ್ನು ಬಿಟ್ಟು ಬಂದಿದ್ದೀರಿ?