ಬಿಜ್ಜಳನ ಪಾತ್ರಚಿತ್ರಣದಲ್ಲಿ ಕಂಡುಬರುವ ಭೇದಗಳು: ಶಾಸನ, ಪುರಾಣ ಮತ್ತು ನಾಟಕಗಳ ತೌಲನಿಕ ವಿವೇಚನೆ

ಕನ್ನಡ ಸಾಹಿತ್ಯದಲ್ಲಿ ಒಬ್ಬ ಕವಿಯಿಂದ ಮತ್ತೊಬ್ಬ ಕವಿಗೆ ಕೈಬದಲಾಗುತ್ತ ಬಂದ ಪ್ರತಿನಾಯಕರು ಹಲವರುಂಟು. ದುರ್ಯೋಧನ, ರಾವಣ ಮೊದಲಾದವರು ಕಾವ್ಯಲೋಕಕ್ಕೆ ಸೇರಿದವರು. ಮುಧೋಳದ ರನ್ನನು ದುರ್ಯೋಧನನನ್ನು ನಮ್ಮ ಮರುಕಕ್ಕೆ ಪಾತ್ರನಾದ ವೀರನನ್ನಾಗಿ ಚಿತ್ರಿಸಿದುದರಿಂದ ಸಹೃದಯರಿಗೆ ಲಾಭವಾಯಿತೇ ಹೊರತು ಇತಿಹಾಸಕ್ಕೆ ಹಾನಿಯೇನೂ ಆಗಲಿಲ್ಲ. ಕಲಚುರಿ ವಂಶದ ಬಿಜ್ಜಳನ ವಿಷಯ ಹಾಗಲ್ಲ. ಅವನು ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನು ಆಳಿದ ಅರಸು. ಅವನ ಹೆಸರನ್ನು ಹೊತ್ತ ಕಲ್ಲುಗಳು ಇಂದಿಗೂ ನಿಂತಿವೆ. ಆದರೆ ಜನರ ಮನಸ್ಸಿನಲ್ಲಿ ನೆಲೆಸಿರುವವನು ಕಲ್ಲಿನ ಬಿಜ್ಜಳನಲ್ಲ, ಕಥೆಯ ಬಿಜ್ಜಳ. ಕಥೆಯ ಆ ಬಿಜ್ಜಳನಾದರೂ ಒಬ್ಬನೇ ಅಲ್ಲವೆಂಬುದನ್ನು ತೋರಿಸಿ, ಈ ಭೇದಗಳಿಗೆ ಕಾರಣವೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಸೀಮೆಗೆ ಹೊರಗಿನದಲ್ಲ. ಬಸವೇಶ್ವರರು ವಿದ್ಯೆ ಪಡೆದ ಹಾಗೂ ಕೊನೆಗೆ ಐಕ್ಯರಾದ ಕೂಡಲಸಂಗಮವು ಕೃಷ್ಣಾ ಮಲಪ್ರಭಾ ನದಿಗಳ ಸಂಗಮದಲ್ಲಿ, ಹುನಗುಂದದ ಸೀಮೆಯಲ್ಲಿದೆ. ಶ್ರಾವಣ ಮಾಸದಲ್ಲಿ ಪುರಾಣ ಹಚ್ಚುವ ರೂಢಿ ಈ ಭಾಗದ ಹಳ್ಳಿಹಳ್ಳಿಗಳಲ್ಲಿ ಉಂಟು. ಬಾಗಲಕೋಟೆಗೆ ಸಮೀಪದ ಶಿರೂರಿನಂತಹ ಊರಿನಲ್ಲಿ ಬಿಜ್ಜಳನೆಂದರೆ ಯಾರೆಂದು ಯಾರಿಗೂ ತಿಳಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಪುರಾಣದಲ್ಲಿ ಅವನು ಚಾಡಿಕೋರರ ಮಾತಿಗೆ ಕಿವಿಗೊಟ್ಟು ಬಳಿಕ ನಾಚಿಕೊಳ್ಳುವ ದೊರೆ; ಮತ್ತೊಂದರಲ್ಲಿ ಶರಣರ ಕಣ್ಣು ಕೀಳಿಸುವ ಕ್ರೂರಿ. ಇಬ್ಬರೂ ಒಬ್ಬನೇ ಹೇಗಾದಾರೆಂಬ ಪ್ರಶ್ನೆ ಪುರಾಣ ಕೇಳಲು ಕುಳಿತವರಲ್ಲಿ ಏಳುವುದು ಸಹಜ. ಇತಿಹಾಸದ ಅಭ್ಯಾಸಕರು ಅದಕ್ಕೆ ಉತ್ತರ ಕೊಡಲು ಬಾಧ್ಯರು.

೧

ಮೊದಲು ಶಾಸನಗಳನ್ನು ನೋಡೋಣ. ಕಲಚುರಿಗಳು ಮಂಗಳವಾಡದಿಂದ, ಎಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಿಂದ, ಆಳುತ್ತಿದ್ದ ಚಾಲುಕ್ಯ ಸಾಮಂತರು. ‘ಕಾಲಂಜರಪುರವರಾಧೀಶ್ವರ’ ಮತ್ತು ‘ಸುವರ್ಣವೃಷಭಧ್ವಜ’ ಎಂಬುವು ಅವರ ಬಿರುದುಗಳು. ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಕೈಕೆಳಗೆ ಮಹಾಮಂಡಲೇಶ್ವರನಾಗಿದ್ದು, ೧೧೫೭ರಿಂದ ಸ್ವತಂತ್ರಾಧಿಕಾರದ ಕಡೆಗೆ ನಡೆದು, ೧೧೬೨ರ ವೇಳೆಗೆ ಸಾರ್ವಭೌಮ ಬಿರುದುಗಳನ್ನು ಧರಿಸಿದನು. ೧೧೬೭-೬೮ರಲ್ಲಿ ಅವನ ಮಗ ಸೋವಿದೇವನ ಆಳ್ವಿಕೆ ಮೊದಲಾಯಿತು. ೧೧೮೩-೮೪ರ ಸುಮಾರಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದನು. ಒಟ್ಟಿನಲ್ಲಿ ಶಾಸನಗಳ ಬಿಜ್ಜಳನು ಒಡೆಯನ ಸಿಂಹಾಸನವನ್ನು ಕಸಿದುಕೊಂಡ ಮಹತ್ವಾಕಾಂಕ್ಷಿ. ಖಳನೆಂದು ಕರೆಯುವುದಾದರೆ ಅವನನ್ನು ಮೊದಲು ಹಾಗೆ ಕರೆಯಬೇಕಾದವರು ಚಾಲುಕ್ಯರ ಪಕ್ಷದವರು. ಆದರೆ ಪುರಾಣಕಾರರಿಗೆ ಈ ಸ್ವಾಮಿದ್ರೋಹದಲ್ಲಿ ವಿಶೇಷ ಆಸಕ್ತಿ ಕಂಡುಬರುವುದಿಲ್ಲ. ಇದು ಮೊದಲನೆಯ ಗಮನಾರ್ಹ ಸಂಗತಿ: ಶಾಸನಗಳಿಂದ ಸಿದ್ಧವಾಗುವ ತಪ್ಪು ಪುರಾಣಗಳಲ್ಲಿ ಗೌಣ, ಪುರಾಣಗಳಲ್ಲಿ ಮುಖ್ಯವಾದ ತಪ್ಪುಗಳಿಗೆ ಅವನ ಕಾಲದ ಶಾಸನಗಳ ಬೆಂಬಲವಿಲ್ಲ.

ಇದಕ್ಕೆ ಅಬ್ಬಲೂರಿನ ಶಾಸನವನ್ನು ಸೇರಿಸಿಕೊಳ್ಳಬೇಕು. ಹಿರೇಕೆರೂರು ಸೀಮೆಯ ಈ ಊರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ೧೨೦೦ರದೆಂದು ಎಣಿಸಲಾದ ಶಾಸನವನ್ನು ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ತಲೆಯನ್ನು ಅರಿದಿಟ್ಟು ಮರಳಿ ಪಡೆದನೆಂದೂ, ಸೋತವರು ಪಂಥದಂತೆ ನಡೆಯದಿರಲು ಜಿನಬಿಂಬವನ್ನು ಕೆಡಹಿದನೆಂದೂ, ಜೈನರು ಬಿಜ್ಜಳನಲ್ಲಿ ದೂರಿತ್ತರೆಂದೂ ಅದರಲ್ಲಿ ಹೇಳಿದೆ. ರಾಮಯ್ಯನು ಮತ್ತೊಮ್ಮೆ ಪಂಥಕ್ಕೆ ಸಿದ್ಧನಾದನು. ಎದುರು ಪಕ್ಷದವರು ಹಿಂಜರಿದರು. ಆಗ ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನಿತ್ತು, ಸೋಮನಾಥ ದೇವರಿಗೆ ಗೋಗಾವೆ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಪವಾಡವನ್ನು ನಂಬುವುದು ಬಿಡುವುದು ಬೇರೆ ಮಾತು. ಬಿಜ್ಜಳನು ತೀರಿಹೋಗಿ ಮೂರು ನಾಲ್ಕು ದಶಕಗಳಾದ ಮೇಲೆ ಶೈವರೇ ಹಾಕಿಸಿದ ಕಲ್ಲಿನಲ್ಲಿ ಅವನು ಶೈವರಿಗೆ ನ್ಯಾಯ ಸಲ್ಲಿಸಿದ ಅರಸನಾಗಿ ಕಾಣುತ್ತಾನೆಂಬುದು ನಮಗೆ ಮುಖ್ಯ. ಆ ಹೊತ್ತಿಗೆ ಅವನು ಶಿವಭಕ್ತರ ಶತ್ರುವೆಂಬ ಅಭಿಪ್ರಾಯ ನಾಡೆಲ್ಲ ಹಬ್ಬಿ ನೆಲೆನಿಂತಿದ್ದರೆ ಇಂತಹ ಕಲ್ಲು ಏಳುತ್ತಿರಲಿಲ್ಲ.

೨

ಶಾಸನಗಳಿಂದ ಸಾಹಿತ್ಯಕ್ಕೆ ಬಂದರೆ, ಬಸವೇಶ್ವರರ ವಚನಗಳಲ್ಲಿ ಬಿಜ್ಜಳನ ಹೆಸರು ಅಲ್ಲಲ್ಲಿ ಬರುತ್ತದೆ. ಅಲ್ಲಿ ಅವನು ‘ಭವಿ’, ಎಂದರೆ ಶಿವದೀಕ್ಷೆಯಿಲ್ಲದವನು; ಬಸವಣ್ಣನವರು ಅವನ ಗದ್ದುಗೆಯ ಕೆಳಗೆ ಕುಳಿತು ಸೇವೆ ಮಾಡುವವರು. ಭವಿಯ ಸೇವೆ ಮಾಡುವನೆಂಬ ನಿಂದೆಗೆ ಉತ್ತರ ಹೇಳುವ, ಅವನ ಭಂಡಾರ ತನಗೇಕೆಂದು ಕೇಳುವ ಮಾತುಗಳು ಈ ವಚನಗಳಲ್ಲಿವೆ. ಅರಸನಿಗೆ ಅಂಜೆನೆಂಬ ದಿಟ್ಟತನ ಇಲ್ಲಿದೆ. ಅರಸನನ್ನು ರಾಕ್ಷಸನೆಂದು ಬಣ್ಣಿಸುವ ಉದ್ದೇಶವಿಲ್ಲ.

ಸುಮಾರು ೧೨೦೦ರಲ್ಲಿದ್ದ ಹರಿಹರನ ಬಸವರಾಜದೇವರ ರಗಳೆಯಲ್ಲಿಯೂ ಸ್ಥಿತಿ ಇದಕ್ಕೆ ಹತ್ತಿರವಾಗಿದೆ. ಬಸವಣ್ಣನವರು ಕೂಡಲಸಂಗಮದಿಂದ ಹೊರಟು ಮಂಗಳವಾಡಕ್ಕೆ ಬರುತ್ತಾರೆ. ಅಲ್ಲಿ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿ ಸಿದ್ಧದಂಡಾಧೀಶನ ಮೆಚ್ಚುಗೆ ಪಡೆದು, ಕ್ರಮೇಣ ಭಂಡಾರದ ಹೊಣೆ ಹೊರುತ್ತಾರೆ. ಅಸೂಯೆಗೊಂಡವರು, ಭಂಡಾರದ ಹೊನ್ನು ಜಂಗಮರ ಪಾಲಾಗುತ್ತಿದೆಯೆಂದು ಚಾಡಿ ಹೇಳುತ್ತಾರೆ. ಬಿಜ್ಜಳನು ಲೆಕ್ಕ ಕೇಳುತ್ತಾನೆ. ಹೊನ್ನು ಕೊರೆಯಿಲ್ಲದೆ ಇರುವುದನ್ನು ಕಂಡು ತಲೆತಗ್ಗಿಸುತ್ತಾನೆ. ಈ ರಗಳೆಯ ಎಲ್ಲರೂ ಒಪ್ಪಿರುವ ಭಾಗವು ಅರಸನ ಕೊನೆಯ ದಿನಗಳವರೆಗೆ ಬರುವುದಿಲ್ಲ. ಆದುದರಿಂದ ವಧೆಯ ವಿಷಯದಲ್ಲಿ ಹರಿಹರನ ಮೌನವನ್ನೇ ಪ್ರಮಾಣವಾಗಿ ಹಿಡಿಯಲಾಗದು. ಆದರೆ ಇರುವ ಭಾಗದ ಬಿಜ್ಜಳನು ದುಷ್ಟನಲ್ಲ. ಬೊಕ್ಕಸದ ಲೆಕ್ಕ ಕೇಳುವುದು ಅರಸನಾದವನ ಕರ್ತವ್ಯ. ಕೇಳಿದುದು ಅವನ ತಪ್ಪಲ್ಲ, ಕೇಳಿಸಿಕೊಂಡುದು ಚಾಡಿಯ ಮಾತಾದುದೇ ತಪ್ಪು.

೩

ಹದಿಮೂರನೆಯ ಶತಮಾನದಲ್ಲಿ ತೆಲುಗಿನಲ್ಲಿ ಬಸವಪುರಾಣವನ್ನು ಬರೆದ ಪಾಲ್ಕುರಿಕೆ ಸೋಮನಾಥನಲ್ಲಿಗೆ ಬಂದರೆ ಬಿಜ್ಜಳನ ಮುಖಭಾವವೇ ಬೇರೆ. ಭಂಡಾರದ ಪ್ರಸಂಗ ಇಲ್ಲಿಯೂ ಇದೆ. ಆದರೆ ಕೊನೆಯಲ್ಲಿ ಅರಸನು ಅಲ್ಲಯ್ಯ, ಮಧುವಯ್ಯ ಎಂಬ ಇಬ್ಬರು ಭಕ್ತರ ಕಣ್ಣುಗಳನ್ನು ಕೀಳಿಸುತ್ತಾನೆ. ಬಸವಣ್ಣನವರು ಕೂಡಲಸಂಗಮಕ್ಕೆ ಹೊರಟುಹೋಗುತ್ತಾರೆ. ಜಗದೇವನು ಮಲ್ಲಯ್ಯ, ಬೊಮ್ಮಯ್ಯರೊಡನೆ ಕೂಡಿ ಅರಸನನ್ನು ಕೊಲ್ಲುತ್ತಾನೆ. ೧೩೬೯ರಲ್ಲಿ ಭೀಮಕವಿಯು ಈ ಪುರಾಣವನ್ನು ಅನುಸರಿಸಿ ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದ ಮೇಲೆ ಈ ಕಥೆ ಕನ್ನಡಿಗರ ಮನೆಮಾತಾಯಿತು. ಒಂದೇ ಕೃತಿಯೊಳಗೆ ಲೆಕ್ಕ ನೋಡಿ ನಾಚುವ ದೊರೆಯೂ ಇದ್ದಾನೆ, ಕಣ್ಣು ಕೀಳಿಸುವ ದೊರೆಯೂ ಇದ್ದಾನೆ. ಮೊದಲನೆಯವನು ಎರಡನೆಯವನಾದ ಬಗೆಯನ್ನು ವಿವರಿಸುವ ಗೋಜಿಗೆ ಕವಿ ಹೋಗಿಲ್ಲ. ಪಾತ್ರದ ಬೆಳವಣಿಗೆ ಅವನ ಗುರಿಯಲ್ಲ, ಭಕ್ತರ ಮಹಿಮೆ ಅವನ ಗುರಿ. ಮಹಿಮೆಗೆ ಎದುರಾಳಿ ಬೇಕಾದಲ್ಲೆಲ್ಲ ಅರಸನು ಬಂದು ನಿಲ್ಲುತ್ತಾನೆ. ಆ ಪ್ರಸಂಗಕ್ಕೆ ಎಷ್ಟು ಕೆಡುಕು ಬೇಕೋ ಅಷ್ಟನ್ನು ಹೊತ್ತು ಬರುತ್ತಾನೆ.

ಸುಮಾರು ೧೫೦೦ರ ಸಿಂಗಿರಾಜನ ಪುರಾಣ ಮತ್ತು ಅದರಿಂದ ಮುಂದುವರಿದ ಕಥನಪರಂಪರೆಯಲ್ಲಿ ಮತ್ತೊಂದು ಮಾರ್ಪಾಡು. ಇಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹವಾಗುತ್ತದೆ. ವರ್ಣಸಂಕರವಾಯಿತೆಂಬ ದೂರಿನ ಮೇಲೆ ಬಿಜ್ಜಳನು ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆ ವಿಧಿಸುತ್ತಾನೆ. ಅಲ್ಲಯ್ಯ ಮತ್ತು ಮಧುವಯ್ಯ, ಹರಳಯ್ಯ ಮತ್ತು ಮಧುವರಸ: ಹೆಸರುಗಳ ಸಾಮ್ಯವನ್ನು ಓದುಗರು ಗಮನಿಸಬೇಕು. ಹಳೆಯ ಕಥೆಯಲ್ಲಿಯೂ ಇಬ್ಬರು ಭಕ್ತರಿದ್ದಾರೆ, ಅರಸನ ಕ್ರೌರ್ಯವಿದೆ, ವಿವಾಹವಿಲ್ಲ. ಎರಡು ನೂರು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಕ್ರೌರ್ಯಕ್ಕೆ ಕಾರಣವೊಂದು ದೊರೆತಿದೆ. ಹೀಗೆ ಕಾರಣವಿಲ್ಲದೆ ಹಿಂಸಿಸುತ್ತಿದ್ದ ಅರಸನು ವರ್ಣಧರ್ಮದ ಕಾವಲುಗಾರನಾದನು. ಇಂದು ನಮ್ಮ ಜನರು ಕಲ್ಯಾಣದ ಕ್ರಾಂತಿಯೆಂದೊಡನೆ ನೆನೆಯುವುದು ಈ ಬಿಜ್ಜಳನನ್ನೇ. ಇದರಿಂದ ವಿವಾಹವು ನಡೆಯಲೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ಅದನ್ನು ಸಾರುವ ಕೃತಿಗಳು ತಡವಾಗಿ ಬಂದವೆಂಬುದಷ್ಟೇ ಸಿದ್ಧವಾಗುತ್ತದೆ.

ಇನ್ನು ಧರಣಿ ಪಂಡಿತನ ಬಿಜ್ಜಳರಾಯ ಚರಿತೆ. ಈ ಜೈನ ಕೃತಿಯಲ್ಲಿ ಕಥೆ ತಲೆಕೆಳಗಾಗುತ್ತದೆ; ಬಿಜ್ಜಳನೇ ನಾಯಕ, ಜೈನಧರ್ಮದ ಆಶ್ರಯದಾತ. ಅವನು ಕೊಲ್ಲಾಪುರದ ದಂಡಯಾತ್ರೆಯನ್ನು ಮುಗಿಸಿ ಭೀಮಾನದಿಯ ತೀರದಲ್ಲಿ ಬೀಡುಬಿಟ್ಟಿರುವಾಗ ವಿಷದ ಹಣ್ಣಿನಿಂದ ಸಾಯುತ್ತಾನೆ. ಆ ಹಣ್ಣನ್ನು ಕಳುಹಿಸಿದ ಅಪವಾದ ಬಸವಣ್ಣನವರ ಮೇಲೆ ಬೀಳುತ್ತದೆ. ಒಂದು ಪರಂಪರೆಯ ಖಳನು ಮತ್ತೊಂದರ ಹುತಾತ್ಮನಾಗಿದ್ದಾನೆ.

೪

ಮೇಲೆ ಹೇಳಿದ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಿಜ್ಜಳನಿಗೆ ಸಂಬಂಧಿಸಿದ ಪ್ರತಿಯೊಂದು ಸಂಗತಿಯೂ ಚಲಿಸುವುದು ಕಾಣುತ್ತದೆ. ರಂಗಸ್ಥಳವು ಮಂಗಳವಾಡದಿಂದ ಕಲ್ಯಾಣಕ್ಕೆ ಸರಿಯುತ್ತದೆ. ಅಪರಾಧವು ಅನುಮಾನದಿಂದ ಕಣ್ಣು ಕೀಳಿಸುವಿಕೆಗೆ, ಅಲ್ಲಿಂದ ಎಳೆಹೂಟೆಗೆ ಬೆಳೆಯುತ್ತದೆ. ಮರಣವು ಕತ್ತಿಯಿಂದಲೂ ಆಗುತ್ತದೆ, ವಿಷದಿಂದಲೂ ಆಗುತ್ತದೆ. ಈ ಚಲನೆ ಯಾದೃಚ್ಛಿಕವಲ್ಲ. ಪ್ರತಿಯೊಂದು ಸಲವೂ ನಾಯಕನು ಬದಲಾದುದರಿಂದ ಪ್ರತಿನಾಯಕನು ಬದಲಾಗಿದ್ದಾನೆ. ಹರಿಹರನ ಬಸವಣ್ಣನವರು ಏಕನಿಷ್ಠ ಭಕ್ತರು. ಅವರ ನಿಷ್ಠೆಯನ್ನು ಒರೆಗೆ ಹಚ್ಚಲು ಅನುಮಾನಪಡುವ ಒಡೆಯನೊಬ್ಬನು ಸಾಕು. ಸೋಮನಾಥನಲ್ಲಿ ಶರಣರ ಗಣವೇ ನಾಯಕ. ಅದಕ್ಕೆ ಪೀಡಕನು ಬೇಕು. ಸಿಂಗಿರಾಜನ ಪರಂಪರೆಯಲ್ಲಿ ಕುಲಭೇದವನ್ನು ಮುರಿದ ಸಮಾಜವು ನಾಯಕಸ್ಥಾನದಲ್ಲಿದೆ. ಅದಕ್ಕೆ ಕುಲಭೇದವನ್ನು ಕಾಯುವ ದಂಡಧರನು ಬೇಕು. ಬಿಜ್ಜಳನ ಅಸಂಗತ ಚಿತ್ರಣವು ಬಿಜ್ಜಳನ ಸ್ವಭಾವವನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ, ಆಯಾ ಕಾಲದವರು ಬಸವೇಶ್ವರರಲ್ಲಿ ಏನನ್ನು ಕಂಡರೆಂಬುದನ್ನು ತಿಳಿಸುತ್ತದೆ.

ಶೈವ ಕೃತಿಗಳಲ್ಲಿ ಅಲುಗದೆ ನಿಂತ ಒಂದು ಪ್ರಸಂಗವೂ ಇದೆ. ಅದು ಭಂಡಾರದ ಲೆಕ್ಕ. ಹರಿಹರನಲ್ಲಿಯೂ ಸೋಮನಾಥನಲ್ಲಿಯೂ ಅದು ಉಳಿದಿದೆ. ವಚನಗಳೂ ಭಂಡಾರದ ಮಾತನ್ನು ಎತ್ತುತ್ತವೆ. ನಾಯಕನ ರೂಪ ಬದಲಾದರೂ ಬಿಟ್ಟುಹೋಗದ ಸಂಗತಿ ಕವಿಯ ಅಗತ್ಯದಿಂದ ಹುಟ್ಟಿರುವ ಸಂಭವ ಕಡಿಮೆ. ಅರಸನ ಹಣ ಮತ್ತು ದಾಸೋಹದ ಹಣ ಇವುಗಳ ನಡುವಣ ಗಡಿ ಯಾವುದೆಂಬ ವಿವಾದದಲ್ಲಿ ಐತಿಹಾಸಿಕ ತಿರುಳು ಇರಬಹುದೆಂದು ನಾವು ಭಾವಿಸುತ್ತೇವೆ.

ಆಧುನಿಕ ನಾಟಕಕಾರರೂ ಈ ಪರಂಪರೆಗೆ ಹೊರತಾದವರಲ್ಲ. ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ (೧೯೯೦) ಬಿಜ್ಜಳನು ಬಸವಣ್ಣನವರ ಆಪ್ತ, ಒರಟು ಮಾತಿನ ಆದರೆ ಹೃದಯವಂತನಾದ ದೊರೆ, ತನ್ನ ಕುಲ ಕ್ಷೌರಿಕರದೆಂಬ ನೋವು ಅವನಲ್ಲಿದೆ. ಕಲಚುರಿ ಮೂಲಪುರುಷ ಕೃಷ್ಣನು ಕ್ಷೌರಿಕನ ವೇಷದಲ್ಲಿ ಕಾಲಂಜರದ ದುಷ್ಟ ರಾಜನನ್ನು ಕೊಂದನೆಂಬ ಐತಿಹ್ಯವು ಶಾಸನದಲ್ಲಿಯೇ ಇದೆ. ವೇಷವು ನಾಟಕದಲ್ಲಿ ಕುಲವಾಗಿದೆ. ಖಳತನವಾದರೋ ಮಗ ಸೋವಿದೇವನಿಗೂ ಅವನ ಸುತ್ತಲಿನವರಿಗೂ ವರ್ಗವಾಗಿದೆ. ಜಾತಿಯ ನೋವನ್ನು ಅರಸನೊಬ್ಬನ ದುಷ್ಟತನದಿಂದ ವಿವರಿಸಲಾಗದೆಂದು ತಿಳಿದ ಕಾಲವು ಅರಸನನ್ನೂ ಆ ನೋವಿನ ಪಾಲುಗಾರನನ್ನಾಗಿ ಮಾಡಿತು.

೫

ಈ ವಿಚಾರದಿಂದ ಇತಿಹಾಸದ ಅಭ್ಯಾಸಕರಿಗೆ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಮೊದಲನೆಯದು ವಿಧಾನಕ್ಕೆ ಸಂಬಂಧಿಸಿದುದು. ಹರಿಹರನಿಂದ ಭಂಡಾರವನ್ನೂ, ಸೋಮನಾಥನಿಂದ ಜಗದೇವನನ್ನೂ, ಸಿಂಗಿರಾಜನಿಂದ ವಿವಾಹವನ್ನೂ, ಜೈನ ಕೃತಿಯಿಂದ ಅರಸನ ಮತವನ್ನೂ ಎತ್ತಿಕೊಂಡು ಒಂದೇ ಕಥೆಯಾಗಿ ಹೊಲಿಯುವುದು ಪಾಠಪುಸ್ತಕಗಳಲ್ಲಿ ವಾಡಿಕೆಯಾಗಿದೆ. ಹಾಗೆ ಹೊಲಿದುದು ಯಾವ ಕಾಲದವರೂ ಉಡದ ಬಟ್ಟೆ. ಒಂದೊಂದು ಕೃತಿಯನ್ನೂ ಅದರ ಕಾಲದಲ್ಲಿ ನಿಲ್ಲಿಸಿ ಓದಬೇಕು; ಭೇದಗಳನ್ನು ಮುಚ್ಚದೆ ತೆರೆದು ತೋರಿಸಬೇಕು. ಡಾ. ಪಿ. ಬಿ. ದೇಸಾಯಿಯವರು ೧೯೬೮ರಲ್ಲಿ ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಶಾಸನಗಳನ್ನು ಮುಂದಿಟ್ಟುಕೊಂಡು ನಡೆದ ದಾರಿ ಈ ವಿಷಯದಲ್ಲಿ ಮಾರ್ಗದರ್ಶಕವಾಗಿದೆ.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ವಚನಗಳಲ್ಲಿ ‘ಭವಿ’ಯಾಗಿದ್ದವನು ಜೈನ ಕೃತಿಗಳ ಹಾಗೂ ಜನಶ್ರುತಿಯ ಮೂಲಕ ಜೈನನಾಗಿ, ಹತ್ತೊಂಬತ್ತನೆಯ ಶತಮಾನದ ಇತಿಹಾಸ ಗ್ರಂಥಗಳಿಗೆ ಹಾಗೆಯೇ ಇಳಿದನು. ಜೈನ ಕವಿಯು ಗೌರವಾರ್ಥವಾಗಿ ಹೇಳಿದ ಮತ, ಶೈವ ಕವಿಯು ನಿಂದೆಗಾಗಿ ಹೇಳಿದ ಕ್ರೌರ್ಯ, ಇವೆರಡೂ ಒಬ್ಬನಲ್ಲಿ ಕೂಡಿಕೊಂಡಾಗ ಒಬ್ಬ ಅರಸನ ಮೇಲಿನ ಅಪವಾದವು ಒಂದು ಮತದವರೆಲ್ಲರ ಮೇಲಿನ ಅಪವಾದವಾಗಿ ಪರಿಣಮಿಸುತ್ತದೆ. ಹಾಗೆಯೇ ವಿಷದ ಹಣ್ಣಿನ ಕಥೆಯು ಇನ್ನೊಂದು ಮತದವರನ್ನು ನೋಯಿಸುತ್ತದೆ. ಆದರೆ ವೃಷಭಧ್ವಜದ ವಂಶದಲ್ಲಿ ಹುಟ್ಟಿ, ಅಬ್ಬಲೂರಿನ ಸೋಮನಾಥನಿಗೆ ಊರು ಬಿಟ್ಟವನೆಂದು ಶಾಸನದಲ್ಲಿ ಹೊಗಳಿಸಿಕೊಂಡ ಅರಸನನ್ನು ಮುಂದಿಟ್ಟುಕೊಂಡು ಒಂದು ಮತವು ಮತ್ತೊಂದರ ಮೇಲೆ ಹಗೆ ಸಾಧಿಸಲು ಇತಿಹಾಸದಲ್ಲಿ ಆಧಾರವಿಲ್ಲ. ಈ ಸೀಮೆಯ ಊರುಗಳಲ್ಲಿ ಬಸದಿಯೂ ಮಠವೂ ಒಂದರ ಮಗ್ಗುಲಲ್ಲಿ ಒಂದು ಬಾಳಿ ಬಂದಿರುವಾಗ ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ಅವಶ್ಯವಾಗಿದೆ.

ಪುರಾಣವನ್ನು ಭಕ್ತಿಯಿಂದ ಕೇಳುವವರಿಗೆ ಪುರಾಣದ ಬಿಜ್ಜಳನು ಇರಲಿ. ಅವನಿಲ್ಲದೆ ಶರಣರ ಧೈರ್ಯವನ್ನು ಹಾಡುವುದು ಕವಿಗೆ ಕಷ್ಟವಾಗುತ್ತಿತ್ತು. ಆದರೆ ದಂಡನೆಯನ್ನು ವಿಧಿಸುವ ಮುನ್ನ ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವುದು ನ್ಯಾಯದ ಮೊದಲ ಮೆಟ್ಟಿಲು. ಬಿಜ್ಜಳನ ವಿಷಯದಲ್ಲಿ ಆ ಹೇಳಿಕೆಗಳು ಹೊಂದುವುದಿಲ್ಲ. ಅವನು ನಿರ್ದೋಷಿಯೆಂದು ಇದರಿಂದ ತೀರ್ಪಾಗಲಿಲ್ಲ. ವಿಚಾರಣೆಯನ್ನು ಶಾಸನಗಳಿಂದ ಮೊದಲುಮಾಡಿ ಮತ್ತೆ ನಡೆಸಬೇಕಾಗಿದೆ ಎಂಬುದು ಮಾತ್ರ ನಿಶ್ಚಯ.