ನಂಬಿಕೆ ಮೊದಲೋ, ನಡತೆ ಮೊದಲೋ?

ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದಲ್ಲಿ ಮಾರ್ಟಿನ್ ಲೂಥರನ ಮನೆಯ ಊಟದ ಮೇಜು ಒಂದು ಪಾಠಶಾಲೆಯೇ ಆಗಿತ್ತು. ಊಟದ ನಡುವೆ ಆತ ಆಡಿದ ಮಾತುಗಳನ್ನು ಶಿಷ್ಯರು ಬರೆದಿಟ್ಟುಕೊಳ್ಳುತ್ತಿದ್ದರು. ಅಂಥ ಟಿಪ್ಪಣಿಯೊಂದರಲ್ಲಿ ಒಂದು ಸವಾಲು ದಾಖಲಾಗಿದೆ. ಪೌಲನ ಮಾತಿಗೂ ಯಾಕೋಬನ ಮಾತಿಗೂ ಹೊಂದಾಣಿಕೆ ತೋರಿಸಬಲ್ಲವನಿಗೆ ಲೂಥರ್ ತನ್ನ ಡಾಕ್ಟರ್ ಪದವಿಯ ಟೋಪಿಯನ್ನೇ ತೊಡಿಸುತ್ತಾನಂತೆ. ಅವನು ಲೂಥರನನ್ನು ಮೂರ್ಖನೆಂದು ಕರೆದರೂ ಅಡ್ಡಿಯಿಲ್ಲವಂತೆ!

ಈ ಇಬ್ಬರ ಪತ್ರಗಳೂ ಬೈಬಲಿನ ಹೊಸ ಒಡಂಬಡಿಕೆಯಲ್ಲಿವೆ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಮೋಶೆಯ ಧರ್ಮಶಾಸ್ತ್ರವನ್ನು ಪಾಲಿಸುವುದರಿಂದಲ್ಲ, ನಂಬಿಕೆಯಿಂದ ಎಂಬುದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನ ವಾದ. ನಂಬಿಕೆಯೊಂದೇ ಸಾಲದು, ಕ್ರಿಯೆಯೂ ಬೇಕು ಎಂಬುದು ಯಾಕೋಬನ ಪತ್ರದ ವಾದ.

ಇದು ಪಂಡಿತರ ಜಗಳ ಮಾತ್ರ ಆಗಿರಲಿಲ್ಲ. 16ನೇ ಶತಮಾನದ ಯುರೋಪಿನ ಸಾಮಾನ್ಯನಿಗೆ, ಸತ್ತ ಮೇಲೆ ದೇವರ ತೀರ್ಪಿನಲ್ಲಿ ತನ್ನ ಗತಿ ಏನು ಎಂಬುದೇ ದೊಡ್ಡ ಭಯ. ಪಾಪದ ದಂಡನೆಯನ್ನು ತಗ್ಗಿಸುವ ಪತ್ರಗಳು ಆಗ ಹಣಕ್ಕೆ ಸಿಗುತ್ತಿದ್ದವು. 1517ರಲ್ಲಿ ಲೂಥರ್ ಪ್ರತಿಭಟಿಸಿದ್ದು ಈ ವ್ಯಾಪಾರವನ್ನೇ. 1521ರಲ್ಲಿ ಚಕ್ರವರ್ತಿ ಅವನನ್ನು ಬಹಿಷ್ಕರಿಸಿದಾಗ ಸ್ಯಾಕ್ಸನಿಯ ಅರಸ ಫ್ರೆಡರಿಕ್ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟ. ಅಲ್ಲಿ ಕೂತು ಸುಮಾರು 11 ವಾರಗಳಲ್ಲಿ ಲೂಥರ್ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಜರ್ಮನ್ ಭಾಷೆಗೆ ತಂದ. ಅದು ಅಚ್ಚಾದದ್ದು 1522ರ ಸೆಪ್ಟೆಂಬರಿನಲ್ಲಿ.

ಈ ಅನುವಾದದಲ್ಲಿ ಆತ ಎರಡು ಕೆಲಸ ಮಾಡಿದ. ಪೌಲನ ವಾಕ್ಯದಲ್ಲಿ, ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿದ: ನಂಬಿಕೆಯಿಂದ ಮಾತ್ರ! ಯಾಕೋಬನ ಪತ್ರವನ್ನು ಒಣಹುಲ್ಲಿಗೆ ಹೋಲಿಸಿ, ಪುಸ್ತಕದ ಕೊನೆಯ ಸಾಲಿಗೆ ತಳ್ಳಿದ. ಪದ ಸೇರಿಸಿದ್ದಕ್ಕೆ ಆಕ್ಷೇಪ ಬಂದಾಗ, 1530ರಲ್ಲಿ ಬರೆದ ಬಹಿರಂಗ ಪತ್ರದಲ್ಲಿ, ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಜನ ಆಡುವ ಜರ್ಮನ್ ಆ ಪದವನ್ನು ಕೇಳುತ್ತದೆ ಎಂದು ಸಮರ್ಥಿಸಿಕೊಂಡ. ಅನುವಾದಕನಾಗಿ ಅವನ ಮಾತು ಒಪ್ಪತಕ್ಕದ್ದೇ. ಆದರೆ ಒಂದು ಪತ್ರವನ್ನು ಹುಲ್ಲೆಂದು ಕರೆದದ್ದು ಅನುವಾದಕನಲ್ಲ, ವಾದಿ.

ಸ್ವಾರಸ್ಯವೆಂದರೆ, ಪೌಲ ಮತ್ತು ಯಾಕೋಬ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಮೂಲಪಿತೃ ಅಬ್ರಹಾಮನನ್ನು. ಪೌಲ ಹಿಡಿಯುವುದು ಆದಿಕಾಂಡದ 15ನೇ ಅಧ್ಯಾಯ. ಮಕ್ಕಳಿಲ್ಲದ ಅಬ್ರಹಾಮನಿಗೆ ದೇವರು ಇರುಳಿನ ನಕ್ಷತ್ರಗಳನ್ನು ತೋರಿಸಿ, ಅವನ ಸಂತತಿ ಅಷ್ಟಾಗುವುದೆಂದು ಮಾತು ಕೊಡುತ್ತಾನೆ. ಮುದುಕ ನಂಬುತ್ತಾನೆ, ಅಷ್ಟೇ. ಸುನ್ನತಿಯ ವಿಧಿ ಬರುವುದು ಆಮೇಲೆ, 17ನೇ ಅಧ್ಯಾಯದಲ್ಲಿ. ಯಾಕೋಬ ಹಿಡಿಯುವುದು 22ನೇ ಅಧ್ಯಾಯ. ಅಲ್ಲಿ ಅದೇ ಅಬ್ರಹಾಮ, ಹಂಬಲಿಸಿ ಪಡೆದ ಮಗ ಇಸಾಕನನ್ನು ದೇವರ ಮಾತಿನಂತೆ ಬಲಿಪೀಠಕ್ಕೆ ಏರಿಸುತ್ತಾನೆ. ಅವನ ನಂಬಿಕೆ ಪೂರ್ಣವಾದದ್ದು ಆಗ ಎನ್ನುತ್ತಾನೆ ಯಾಕೋಬ. ಒಬ್ಬ ಬಿತ್ತನೆಯ ದಿನದ ಮಾತಾಡಿದರೆ, ಇನ್ನೊಬ್ಬ ಸುಗ್ಗಿಯ ದಿನದ ಮಾತಾಡುತ್ತಿದ್ದಾನೆ.

‘ನಂಬಿಕೆ’ ಎಂಬ ಪದವೂ ಇಬ್ಬರಲ್ಲಿ ಒಂದೇ ತೂಕದ್ದಲ್ಲ. ದೇವರೊಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬ ಕುಟುಕುತ್ತಾನೆ; ಅವನು ಟೀಕಿಸುವುದು ಬಾಯಿಮಾತಿನ ಒಪ್ಪಿಗೆಯನ್ನು. ಪೌಲ ಹೇಳುವುದು ತನ್ನನ್ನೇ ಒಪ್ಪಿಸಿಕೊಡುವ ಭರವಸೆಯನ್ನು. ಕನ್ನಡದ ಓದುಗರಿಗೆ ಇದು ಸುಲಭವಾಗಿ ಹೊಳೆಯಬೇಕು. ನಮ್ಮಲ್ಲಿ ನಂಬುವವನಿಗೂ ‘ನಂಬಿಕೆ’ ಇರುತ್ತದೆ, ನೆಚ್ಚಬಹುದಾದವನೂ ‘ನಂಬಿಕಸ್ಥ’ನಾಗುತ್ತಾನೆ. ಗ್ರೀಕ್ ಪದಕ್ಕೂ ಈ ಎರಡೂ ಅರ್ಥಗಳಿವೆ. ವಿಧೇಯತೆಗೆ ಪೌಲ ಬಳಸುವ ಗ್ರೀಕ್ ಪದ ಹುಟ್ಟಿದ್ದು ‘ಕೇಳು’ ಎಂಬ ಧಾತುವಿನಿಂದ. ನಾವೂ ವಿಧೇಯನಾದ ಹುಡುಗನನ್ನು ‘ಮಾತು ಕೇಳುವವನು’ ಎನ್ನುತ್ತೇವಲ್ಲ!

ಬರಿಯ ನಂಬಿಕೆಯ ಬೋಧನೆ ಊರುಗಳಲ್ಲಿ ಏನಾಗಿದೆ ಎಂದು ಲೂಥರನೇ ಕಣ್ಣಾರೆ ಕಂಡ. 1528ರಲ್ಲಿ ಸ್ಯಾಕ್ಸನಿಯ ಸಭೆಗಳ ತಪಾಸಣೆಗೆ ಹೊರಟವನಿಗೆ, ಪ್ರಾರ್ಥನೆಯೂ ಗೊತ್ತಿಲ್ಲದ, ದೊರೆತ ಸ್ವಾತಂತ್ರ್ಯವನ್ನು ಮನಬಂದಂತೆ ಬಳಸುವ ಜನ ಎದುರಾದರು. 1529ರಲ್ಲಿ ಅವರಿಗಾಗಿ ಆತ ಬರೆದ ಕಿರು ಪ್ರಶ್ನೋತ್ತರ ಪುಸ್ತಕ ಶುರುವಾಗುವುದು ಹತ್ತು ಆಜ್ಞೆಗಳಿಂದ. ಯಾಕೋಬ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದ್ದ ಎನ್ನಬಹುದೇನೋ.

ಇನ್ನು ತೀರ್ಪಿನ ವಿಷಯ. ಪ್ರತಿಯೊಬ್ಬನಿಗೂ ಅವನವನ ಕ್ರಿಯೆಗೆ ತಕ್ಕ ಫಲ ಎಂದು ಪೌಲನೇ ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ ಹೇಳಿದ್ದಾನೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಕೊಡುವ ಅಂತಿಮ ತೀರ್ಪಿನ ಚಿತ್ರದಲ್ಲಿ ಕೇಳಲಾಗುವುದು ಸಿದ್ಧಾಂತವನ್ನಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ ಎಂದು. ಆದರೆ ಅಲ್ಲಿ ಗೆದ್ದವರಿಗೆ ತಾವು ಮಾಡಿದ ಉಪಕಾರದ ನೆನಪೇ ಇಲ್ಲ. ಲೆಕ್ಕ ಬರೆದಿಟ್ಟು ಪುಣ್ಯ ಗಳಿಸಿದವರಲ್ಲ ಅವರು.

ಕ್ಯಾಥೊಲಿಕ್ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ‘ನಂಬಿಕೆ ಮಾತ್ರ’ ಎಂಬ ವಾದವನ್ನು ಖಂಡಿಸಿತು. ರಾಜಿಗೆ 450ಕ್ಕೂ ಹೆಚ್ಚು ವರ್ಷ ಹಿಡಿಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕ್ಯಾಥೊಲಿಕ್ ಪ್ರತಿನಿಧಿಗಳು ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ, ಸತ್ಕ್ರಿಯೆ ಅದರ ಫಲ. 2006ರಲ್ಲಿ ಮೆಥಡಿಸ್ಟರೂ ಇದಕ್ಕೆ ಒಪ್ಪಿದರು.

ಜರ್ಮನಿಯ ಲೂಥರ್ ಬೈಬಲ್ 2016ರಲ್ಲಿ ಮತ್ತೆ ಪರಿಷ್ಕೃತವಾಗಿ ಹೊರಬಂತು. ‘ಮಾತ್ರ’ ಎಂಬ ಪದ ಅದರಲ್ಲಿ ಹಾಗೆಯೇ ಉಳಿದಿದೆ. ಯಾಕೋಬನ ಪತ್ರವೂ ಲೂಥರ್ ಕೂರಿಸಿದ ಹಿಂದಿನ ಸಾಲಿನಲ್ಲೇ ಇದೆ.