ರಾಜಧಾನಿ ಹೋಯಿತು, ಹೆಸರು ಕಲ್ಲಿನಲ್ಲಿ ಉಳಿಯಿತು

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇವತ್ತು ನಮ್ಮ ನಿಮ್ಮ ಊರಿನಂಥದ್ದೇ ಒಂದು ಹಳ್ಳಿ. ಹತ್ತಿರದ ಪೇಟೆ ಶಿರಾಳಕೊಪ್ಪ. ಮೊದಲ ಸಲ ಹೋದವರಿಗೆ ಇದು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು ಎಂದರೆ ನಂಬುವುದು ಕಷ್ಟ.

ಸಾವಿರ ವರ್ಷದ ಹಿಂದೆ ದೊರೆಗಳು ಕಲ್ಯಾಣದ ಚಾಲುಕ್ಯರು. ಅವರ ಕೈಕೆಳಗೆ 'ಬನವಾಸಿ ಹನ್ನೆರಡು ಸಾವಿರ' ಎಂಬ ದೊಡ್ಡ ನಾಡಿತ್ತು. ಆ ನಾಡಿನ ಆಡಳಿತ ನಡೆಯುತ್ತಿದ್ದದ್ದು ಬಳ್ಳಿಗಾವಿಯಿಂದ. ಶಾಸನಗಳು ಈ ಊರನ್ನು 'ಅನಾದಿ ರಾಜಧಾನಿ' ಎಂದು ಕರೆದಿವೆ. ಎಂದರೆ, ಅವರ ಕಾಲಕ್ಕೇ ಇದು ಹಳೇ ಊರು.

ನಾಡನ್ನು ಆಳುತ್ತಿದ್ದ ಚಾವುಂಡರಾಯ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಈಗಲೂ ಊರಲ್ಲಿದೆ. ಸುಮಾರು 30 ಅಡಿ ಎತ್ತರದ ಒಂದೇ ಕಲ್ಲು. ತ್ರಿಪುರಾಂತಕ ಗುಡಿಗೆ ಹೋದರೆ ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲೇ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ಆದರೆ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯಮಠದ ಸುದ್ದಿ. 1162ರ ಶಾಸನ ಅದನ್ನು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ತರ್ಕ ಕಲಿಸುತ್ತಿದ್ದರು. ಬಡವರು, ಕುಂಟರು, ಕುರುಡರು, ಕಿವುಡರಿಗೆ ಊಟ ಹಾಕುತ್ತಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುತ್ತಿದ್ದರು. ಶಾಲೆ, ದಾಸೋಹ, ಆಸ್ಪತ್ರೆ ಮೂರೂ ಒಂದೇ ಅಂಗಳದಲ್ಲಿ! ಇದೇ ಊರಲ್ಲಿ ಜೈನ ಬಸದಿಗಳಿದ್ದವು, ಬೌದ್ಧ ವಿಹಾರವೂ ಇತ್ತು.

ಇನ್ನು ಊರಿನ ದೊಡ್ಡವರು. ಕಲ್ಯಾಣದಲ್ಲಿ ಶರಣರ ನಡುವೆ ಶೂನ್ಯ ಸಿಂಹಾಸನ ಏರಿದ ಅಲ್ಲಮಪ್ರಭು ಬಳ್ಳಿಗಾವಿಯವರೆಂದೇ ಪರಂಪರೆ ಹೇಳುತ್ತದೆ. ಮದ್ದಳೆ ಬಾರಿಸುತ್ತಿದ್ದ ಹುಡುಗ ಮುಂದೆ ಪ್ರಭುದೇವರಾದ ಕಥೆಯನ್ನು ನಮ್ಮ ಅಜ್ಜಿಯಂದಿರೂ ಹೇಳುತ್ತಿದ್ದರು. ಅಕ್ಕಮಹಾದೇವಿಯ ಉಡುತಡಿ ಕೂಡ ಇದೇ ತಾಲ್ಲೂಕಿನಲ್ಲಿದೆ.

ಇವರ ಹೆಸರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಒಂದು ಹೆಸರು ಹೇಳುತ್ತೇವೆ: ದಾಸೋಜ. ಈತ ಬಳ್ಳಿಗಾವಿಯ ಕಲ್ಲುಕುಟಿಗ. ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವ ಗುಡಿ ಕಟ್ಟಿಸಿದಾಗ ಈತ ಮಗ ಚಾವಣನ ಜೊತೆ ಅಲ್ಲಿ ಕೆಲಸ ಮಾಡಿದ. ನಾವೆಲ್ಲ ಬಾಯಿ ಬಿಟ್ಟು ನೋಡುವ ಮದನಿಕೆಗಳಲ್ಲಿ ಕೆಲವು ಈ ಅಪ್ಪ ಮಗ ಕಡೆದವು. ಕೆಲಸ ಮುಗಿಸಿ ಬುಡದಲ್ಲಿ ಹೆಸರು ಕೆತ್ತಿದರು, ಜೊತೆಗೆ ಊರಿನ ಹೆಸರನ್ನೂ ಸೇರಿಸಿದರು. ಕೂಲಿಗೆ ಪರಊರಿಗೆ ಹೋದವರೂ ಹುಟ್ಟಿದ ಊರನ್ನು ಮರೆಯಲಿಲ್ಲ.

ಬಳ್ಳಿಗಾವಿಯ ಅಧಿಕಾರ ಹೋಗಿ ಎಷ್ಟೋ ಕಾಲವಾಯಿತು. ಅರಮನೆಯಿಲ್ಲ, ಕಡತಗಳಿಲ್ಲ. ರೋಗಿಗೆ ಔಷಧ ಕೊಟ್ಟ ಮಠದ ಸುದ್ದಿಯಾಗಲಿ, ದಾಸೋಜನ ಹೆಸರಾಗಲಿ ನಮಗೆ ತಲುಪಿದ್ದು ಕಲ್ಲಿನ ಮೇಲೆ ಬರೆದಿದ್ದರಿಂದ. ಆ ಕಲ್ಲು ಒಡೆದಿದ್ದರೆ ಅವೂ ಹೋಗುತ್ತಿದ್ದವು.

ಅಂಥ ಕಲ್ಲುಗಳು ನಮ್ಮ ಊರುಗಳಲ್ಲೂ ಇವೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿ! ನಿಧಿಯ ಆಸೆಗೆ ಒಡೆದವೂ ಕಡಿಮೆಯಿಲ್ಲ. ಅದರ ಮೇಲಿನ ಅಕ್ಷರವೇ ನಿಧಿ ಎಂದು ಅವರಿಗೆ ಹೇಳುವವರು ಯಾರು?

ಹಾಗಾಗಿ ಒಂದು ಮಾತು. ಅಕ್ಷರವಿರುವ ಕಲ್ಲು ಕಂಡರೆ ಎಣ್ಣೆ, ಸುಣ್ಣ, ಬಣ್ಣ ಬಳಿಯಬೇಡಿ. ಕಿತ್ತು ಬೇರೆ ಕಡೆ ನಿಲ್ಲಿಸಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ, ಅಕ್ಷರ ಚೆನ್ನಾಗಿ ಕಾಣುತ್ತದೆ. ಜಾಗ ಗುರುತು ಮಾಡಿಕೊಂಡು ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಯಾರಿಗೆ ಗೊತ್ತು, ನಿಮ್ಮೂರಿನ ದಾಸೋಜ ಆ ಕಲ್ಲಿನಲ್ಲೇ ಇರಬಹುದು.